ಮೊಮ್ಮಗುವಿನ ಡೇಕೇರ್ ನೆಗಡಿ ಮತ್ತು ನಿಮ್ಮ ಆರೋಗ್ಯ



ಈ ಶಿಬಿರದಲ್ಲಿ ಬಿಪಿ ನೋಡುವಾಗ ಪ್ರತಿ ವರ್ಷ ಕೇಳುವ ಮಾತೊಂದಿದೆ: "ಡಾಕ್ಟ್ರೇ, ಮಗುವನ್ನು ಡೇಕೇರ್‌ಗೆ ಸೇರಿಸಿದಾಗಿನಿಂದ ಮನೆಯಲ್ಲಿ ಒಬ್ಬರಲ್ಲ ಒಬ್ಬರಿಗೆ ಹುಷಾರಿಲ್ಲ. ಮೂಗು ಸೋರುವುದು ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ. ಮಗುವಿಗೆ ಶಕ್ತಿ ಸಾಲದೇ?" ಈ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಜೊತೆಗೆ, ನೀವು ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕು: ಇದೇ ಸೋಂಕು ನಿಮಗೆ ತಗುಲಿದರೆ ಏನು ಮಾಡಬೇಕು?

ಮಗುವಿಗೆ ಪದೇ ಪದೇ ನೆಗಡಿ ಯಾಕೆ?

ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಮಗುವಿನ ದೇಹಕ್ಕೆ ಇವೆಲ್ಲ ಹೊಸಬು. ಡೇಕೇರ್‌ನಲ್ಲಿ ಹತ್ತು ಮಕ್ಕಳು ಒಂದೇ ಆಟದ ಸಾಮಾನನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಮೊದಲ ವರ್ಷದಲ್ಲಿ 8ರಿಂದ 12 ಸಲ ನೆಗಡಿಯಾಗುವುದು ಸಾಮಾನ್ಯ. ಒಂದೊಂದು ನೆಗಡಿ ಏಳರಿಂದ ಹತ್ತು ದಿನ ಇರುತ್ತದೆ, ಕೆಮ್ಮು ಎರಡು ಮೂರು ವಾರವೂ ಎಳೆಯಬಹುದು. ಹೆಚ್ಚಿನವು ಅಕ್ಟೋಬರ್‌ನಿಂದ ಮಾರ್ಚ್ ಒಳಗೇ ಬರುತ್ತವೆ. ಲೆಕ್ಕ ಹಾಕಿದರೆ ಚಳಿಗಾಲದ ಅರ್ಧ ದಿನ ಮಗುವಿನ ಮೂಗು ಸೋರುತ್ತಲೇ ಇರುತ್ತದೆ. ಮಗು ಚೆನ್ನಾಗಿ ಹಾಲು ಕುಡಿದು, ಆಡಿಕೊಂಡು, ತೂಕ ಹೆಚ್ಚುತ್ತಿದ್ದರೆ ಅದಕ್ಕೆ ಶಕ್ತಿ ಕಡಿಮೆ ಎಂದು ಕೊರಗಬೇಡಿ. ಈಗ ಡೇಕೇರ್ ತಪ್ಪಿಸಿದರೆ ಇವುಗಳಲ್ಲಿ ಬಹುಪಾಲು ಶಾಲೆಗೆ ಹೋದಾಗ ಬರುತ್ತವೆ.

"ಇಷ್ಟು ಎಳೆ ಕೂಸನ್ನು ಯಾಕೆ ಕಳಿಸಿದಿರಿ?" ಎಂದು ಮಗಳನ್ನೋ ಸೊಸೆಯನ್ನೋ ಕೇಳುವ ಮುಂಚೆ ಒಂದು ವಿಷಯ ತಿಳಿದಿರಲಿ. ಅಮೆರಿಕದಲ್ಲಿ ಎಲ್ಲರಿಗೂ ಸಂಬಳದ ಹೆರಿಗೆ ರಜೆ ಕೊಡಿಸುವ ಕೇಂದ್ರ ಕಾನೂನು ಇಲ್ಲ. 1993ರ ಕಾನೂನು ಕೊಡುವುದು 12 ವಾರದ ಸಂಬಳವಿಲ್ಲದ ರಜೆ, ಅದೂ ಎಲ್ಲ ಕೆಲಸದವರಿಗೆ ಸಿಗುವುದಿಲ್ಲ. ಡೇಕೇರ್ ಬಾಗಿಲಲ್ಲಿ ಅಳುವ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವ ತಾಯಿ ಆ ಪ್ರಶ್ನೆಯನ್ನು ತನಗೆ ತಾನೇ ದಿನಕ್ಕೆ ಹತ್ತು ಸಲ ಕೇಳಿಕೊಂಡಿರುತ್ತಾಳೆ.

ಡೇಕೇರ್‌ನಿಂದ ಚೀಟಿ ಬಂದರೆ

"ನಿಮ್ಮ ಮಗುವಿನ ಕೋಣೆಯಲ್ಲಿ ಒಬ್ಬರಿಗೆ ಇಂಥ ಕಾಯಿಲೆ ಬಂದಿದೆ" ಎಂದು ಆಗಾಗ ಚೀಟಿ ಅಥವಾ ಫೋನಿನಲ್ಲಿ ಸಂದೇಶ ಬರುತ್ತದೆ. ನಿಮ್ಮ ಮಗುವಿಗೇ ಬಂದಿದೆ ಎಂದು ಅದರ ಅರ್ಥವಲ್ಲ. ಕೆಲವು ದಿನ ಗಮನ ಕೊಡಿ ಎಂದರ್ಥ. ಆ ಚೀಟಿಯಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಇವು:

- ಆರ್‌ಎಸ್‌ವಿ: ನೆಗಡಿಯಂತೆ ಶುರುವಾಗಿ ಎದೆಗೆ ಇಳಿಯಬಹುದು. ಸಾಮಾನ್ಯವಾಗಿ 4ರಿಂದ 6 ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಆರು ತಿಂಗಳೊಳಗಿನ ಕೂಸಿಗೂ ವಯಸ್ಸಾದವರಿಗೂ ಇದು ಕಷ್ಟ ಕೊಡುತ್ತದೆ.
- ಫ್ಲೂ: 1ರಿಂದ 4 ದಿನದಲ್ಲಿ ಜೋರು ಜ್ವರ, ಮೈಕೈ ನೋವು. ನಿಮ್ಮ ವಯಸ್ಸಿನವರಿಗೆ ಇದೇ ಹೆಚ್ಚು ಅಪಾಯ.
- ನೊರೊವೈರಸ್, ಅಂದರೆ ಸ್ಟಮಕ್ ಬಗ್: 12ರಿಂದ 48 ಗಂಟೆಯಲ್ಲಿ ವಾಂತಿ, ಭೇದಿ. ಬಾಟಲಿಯ ಸ್ಯಾನಿಟೈಸರ್ ಇದಕ್ಕೆ ಸಾಲದು. ಸೋಪು ನೀರಿನಲ್ಲೇ ಕೈ ತೊಳೆಯಬೇಕು.
- ಹ್ಯಾಂಡ್ ಫುಟ್ ಅಂಡ್ ಮೌತ್: 3ರಿಂದ 6 ದಿನದಲ್ಲಿ ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ. ಇದು ಅಮ್ಮ, ಸಿಡುಬು ಅಲ್ಲ. ಮಗು ಗುಣವಾದ ಮೇಲೂ ಕೆಲವು ವಾರ ಮಲದಲ್ಲಿ ವೈರಸ್ ಇರುತ್ತದೆ, ಆದ್ದರಿಂದ ಡೈಪರ್ ಬದಲಿಸಿದ ಮೇಲೆ ಕೈ ತೊಳೆಯಲು ಮರೆಯಬೇಡಿ.
- ಪಿಂಕ್ ಐ: ನಮ್ಮೂರಲ್ಲಿ ಮದ್ರಾಸ್ ಐ ಅನ್ನುತ್ತೇವಲ್ಲ, ಅದೇ. ಟವೆಲ್, ದಿಂಬು ಬೇರೆ ಮಾಡಿ.

ಚೀಟಿ ಇಂಗ್ಲಿಷಿನಲ್ಲಿದ್ದರೆ ಮಕ್ಕಳಿಂದ ಓದಿಸಿಕೊಳ್ಳಿ. ಅದು ನಿಮಗೂ ಸಂಬಂಧಪಟ್ಟದ್ದು.

ನಿಮಗೆ ಯಾಕೆ ಹೆಚ್ಚು ಎಚ್ಚರ ಬೇಕು?

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಮಗಳು ಡೇಕೇರ್‌ಗೆ ಸೇರಿದ ಚಳಿಗಾಲದಲ್ಲಿ ನನ್ನ ತಾಯಿ ನಮ್ಮ ಜೊತೆ ಇದ್ದರು. ಮಗುವಿಗೆ ಬಂದ ಜ್ವರ ಮೂರು ದಿನಕ್ಕೆ ಬಿಟ್ಟಿತು. ಅಮ್ಮನಿಗೆ ಬಂದದ್ದು ಬಿಡಲಿಲ್ಲ, ಅವರು ಹೇಳಲೂ ಇಲ್ಲ. ನಾನು ಡ್ಯೂಟಿ ಮುಗಿಸಿ ಬಂದಾಗ ಎರಡು ಸ್ವೆಟರ್ ಹಾಕಿಕೊಂಡು ಸಾರು ಕುದಿಸುತ್ತಿದ್ದರು. ಕೇಳಿದರೆ "ಇಲ್ಲಿಯ ಚಳಿ ಕಣಪ್ಪ" ಅಂದರು. ಐದನೆಯ ದಿನ ಒಂದು ಮಾತು ಪೂರ್ತಿ ಆಡಲು ಅವರಿಗೆ ಉಸಿರು ಸಾಲಲಿಲ್ಲ. ನ್ಯುಮೋನಿಯಾ ಆಗಿತ್ತು. ಆರು ದಿನ ಆಸ್ಪತ್ರೆಯಲ್ಲಿದ್ದು ಗುಣವಾದರು. ಆಮೇಲೆ ಕೇಳಿದೆ, ಯಾಕಮ್ಮ ಹೇಳಲಿಲ್ಲ? "ನಿಮಗೆ ರಜ ಇಲ್ಲ. ಇಲ್ಲಿ ಡಾಕ್ಟರ ಖರ್ಚು ಬೇರೆ. ಸಹಾಯಕ್ಕೆ ಅಂತ ಬಂದು ನಾನೇ ಮಲಗಿದರೆ ಹೇಗೋ?" ಅಂದರು.

ಮನೆಯಲ್ಲಿ ಡಾಕ್ಟರ್ ಇದ್ದೂ ಹೀಗಾಯಿತು. ಅರವತ್ತೈದು ದಾಟಿದವರಿಗೆ, ಶುಗರ್, ಹೃದಯದ ತೊಂದರೆ, ಆಸ್ತಮಾ ಇದ್ದವರಿಗೆ ಮಗುವಿನ ಸಣ್ಣ ಜ್ವರವೇ ದೊಡ್ಡದಾಗಬಹುದು. ಮೊದಲ ದಿನವೇ ಹೇಳಿದರೆ ಫ್ಲೂ, ಕೋವಿಡ್‌ಗೆ ಮಾತ್ರೆಯಿದೆ. ಫ್ಲೂ ಮಾತ್ರೆ 48 ಗಂಟೆಯೊಳಗೆ, ಕೋವಿಡ್ ಮಾತ್ರೆ 5 ದಿನದೊಳಗೆ ಶುರುವಾಗಬೇಕು. ಸುಮ್ಮನಿದ್ದು ಐದನೆಯ ದಿನ ಆಸ್ಪತ್ರೆ ಸೇರಿದರೆ ಖರ್ಚು ಹತ್ತು ಪಟ್ಟಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು.

ದಿನವೂ ಮಾಡಬೇಕಾದದ್ದು

- ಮಗು ಡೇಕೇರ್‌ನಿಂದ ಬಂದ ಕೂಡಲೇ ಅದರ ಕೈ, ನಿಮ್ಮ ಕೈ ಎರಡನ್ನೂ ಸೋಪಿನಿಂದ 20 ಸೆಕೆಂಡ್ ತೊಳೆಯಿರಿ. ಬಟ್ಟೆ ಬದಲಿಸಿ, ಆಮೇಲೆ ಎತ್ತಿ ಮುದ್ದಾಡಿ.
- ಸೆರಗಿನಿಂದ ಮೂಗು ಒರೆಸಬೇಡಿ. ಟಿಶ್ಯೂ ಬಳಸಿ, ಎಸೆದು, ಕೈ ತೊಳೆಯಿರಿ.
- ಮಗು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ದಂಡವಾಗುತ್ತದೆಂದು ನೀವು ತಿನ್ನಬೇಡಿ. ಅದೇ ಚಮಚದಲ್ಲಿ ಬಿಸಿ ನೋಡಬೇಡಿ.
- ಮಗುವಿಗೆ ನೆಗಡಿ ಇದ್ದಾಗ ಮುಖಕ್ಕೆ ಮುತ್ತು ಬೇಡ, ಪಾದಕ್ಕೆ ಕೊಡಿ. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ.
- ನಿಮಗೆ ಹುಷಾರಿಲ್ಲದಿದ್ದರೆ ಮಾಸ್ಕ್ ಹಾಕಿ, ಬೇರೆ ಕೋಣೆಯಲ್ಲಿ ಮಲಗಿ. ಎರಡು ದಿನ ಅಡುಗೆ ನಿಂತರೆ ಮನೆ ಮುಳುಗುವುದಿಲ್ಲ.

ಲಸಿಕೆ

ಫ್ಲೂ ಲಸಿಕೆ ವರ್ಷಕ್ಕೊಂದು. 65 ದಾಟಿದವರಿಗೆ ಹೆಚ್ಚು ಶಕ್ತಿಯ ಲಸಿಕೆಯೇ ಇದೆ, ಅದನ್ನು ಕೇಳಿ ಪಡೆಯಿರಿ. ನ್ಯುಮೋನಿಯಾ ಲಸಿಕೆಯನ್ನು ಇಲ್ಲಿ 50 ದಾಟಿದವರಿಗೆಲ್ಲ ಹೇಳುತ್ತಾರೆ. ಆರ್‌ಎಸ್‌ವಿ ಲಸಿಕೆ 75 ದಾಟಿದ ಎಲ್ಲರಿಗೂ, ಹೃದಯ, ಶ್ವಾಸಕೋಶ, ಮೂತ್ರಪಿಂಡದಂಥ ಕಾಯಿಲೆ ಇದ್ದರೆ ಅದಕ್ಕಿಂತ ಮೊದಲೇ. ಕೋವಿಡ್ ಲಸಿಕೆಯ ಬಗ್ಗೆಯೂ ವಿಚಾರಿಸಿ. ಇವೆಲ್ಲ ಫಾರ್ಮಸಿಯಲ್ಲಿ ಸಿಗುತ್ತವೆ. ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಗೆ ದುಡ್ಡು ಕೊಡುವುದಿಲ್ಲ, ಬೆಲೆ ಮೊದಲೇ ಕೇಳಿ. ಮುಂದಿನ ಸಲ ಬರುವವರು ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ಹೊರಡುವ ಎರಡು ವಾರ ಮುಂಚೆ ಊರಲ್ಲೇ ಹಾಕಿಸಿಕೊಂಡು ಬರಬಹುದು.

ಮಗುವಿಗೆ ಮನೆಮದ್ದು

ನಮ್ಮ ಅಜ್ಜಿಯರ ಮದ್ದನ್ನು ನಾನು ಹಗುರ ಮಾಡುವವನಲ್ಲ. ಶುಂಠಿ, ಮೆಣಸಿನ ಕಷಾಯ ನೀವು ಕುಡಿಯಿರಿ, ಗಂಟಲಿಗೆ ಹಿತ. ಆದರೆ ಕೂಸಿಗೆ ಇವು ಬೇಡ: ಒಂದು ವರ್ಷದೊಳಗೆ ಜೇನುತುಪ್ಪ, ಆರು ತಿಂಗಳೊಳಗೆ ನೀರು, ಎರಡು ವರ್ಷದೊಳಗೆ ವಿಕ್ಸ್, ಎಂದಿಗೂ ಕರ್ಪೂರ, ಮೂಗು ಕಿವಿಗೆ ಎಣ್ಣೆ, ಅಂಗಡಿಯ ಕೆಮ್ಮಿನ ಸಿರಪ್, ಆಸ್ಪಿರಿನ್. ಕೆಮ್ಮುವ ಮಗುವಿಗೆ ಸಾಂಬ್ರಾಣಿ ಹೊಗೆಯೂ ಬೇಡ. ದೃಷ್ಟಿ ತೆಗೆಯಿರಿ, ಹೊಗೆ ಮಾತ್ರ ಬಿಡಿ. ಮೂಗು ಕಟ್ಟಿದರೆ ಸಲೈನ್ ಹನಿ ಹಾಕಿ ಸಣ್ಣ ಬಲ್ಬಿನಿಂದ ಎಳೆದರೆ ಮಗು ಹಾಲು ಕುಡಿಯುತ್ತದೆ.

ನಿಮ್ಮ ಮಾತ್ರೆಗಳು

ಟೈಲೆನಾಲ್ ಅಂದರೆ ಡೋಲೋ, ಕ್ರೋಸಿನ್‌ನಲ್ಲಿರುವ ಪ್ಯಾರಾಸಿಟಮಾಲೇ. ಹೆಸರು ಬೇರೆ ಎಂದು ಎರಡನ್ನೂ ನುಂಗಬೇಡಿ. 650ರ ಮಾತ್ರೆ ದಿನಕ್ಕೆ ನಾಲ್ಕು ಮೀರಬಾರದು. ಇಲ್ಲಿಯ ಎಷ್ಟೋ ನೆಗಡಿ ಔಷಧಿಗಳಲ್ಲಿ ಅದೂ ಸೇರಿರುತ್ತದೆ, ಮೂಗು ಬಿಡಿಸುವ ಮದ್ದು ಬಿಪಿ ಏರಿಸುತ್ತದೆ. ಆಡ್ವಿಲ್, ಮೋಟ್ರಿನ್ ಬಿಪಿ, ಕಿಡ್ನಿ ತೊಂದರೆ ಇದ್ದವರಿಗೆ ಒಳ್ಳೆಯದಲ್ಲ. ಊರಿನಿಂದ ತಂದ ಆಂಟಿಬಯಾಟಿಕ್ ವೈರಸ್‌ಗೆ ಕೆಲಸ ಮಾಡುವುದಿಲ್ಲ. ವಾಂತಿ ಭೇದಿಯಾಗಿ ಊಟ ಸೇರದಿದ್ದರೆ ಶುಗರ್, ಬಿಪಿ ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅಂದೇ ಡಾಕ್ಟರನ್ನು ಫೋನಿನಲ್ಲಿ ಕೇಳಿ.

ಕೂಡಲೇ ಹೇಳಬೇಕಾದ ಲಕ್ಷಣಗಳು

ಮಗುವಿನಲ್ಲಿ: ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ. ಯಾವ ವಯಸ್ಸಿನ ಮಗುವಿಗಾದರೂ ಪಕ್ಕೆಲುಬು ಒಳಗೆ ಎಳೆಯುವಂಥ ಉಸಿರಾಟ, ಹಾಲು ಬಿಡುವುದು, ಎಂಟು ಗಂಟೆ ಡೈಪರ್ ಒದ್ದೆಯಾಗದಿರುವುದು, ಎಬ್ಬಿಸಿದರೂ ಏಳದಷ್ಟು ಮಂಪರು.

ನಿಮ್ಮಲ್ಲಿ: ಮೂರು ದಿನ ಬಿಡದ ಜ್ವರ, ನೀರೂ ನಿಲ್ಲದ ವಾಂತಿ, ಮಾತಾಡುವಾಗ ಏದುಸಿರು, ಎದೆನೋವು, ದಿನ ವಾರ ಮರೆಯುವಂಥ ಗೊಂದಲ, ಆಕ್ಸಿಮೀಟರ್‌ನಲ್ಲಿ 92ಕ್ಕಿಂತ ಕಡಿಮೆ.

ಉಸಿರಾಟ ಕಷ್ಟವಾದರೆ, ತುಟಿ ನೀಲಿಯಾದರೆ, ಎದೆನೋವು ಬಂದರೆ 911ಕ್ಕೆ ಫೋನ್ ಮಾಡಿ. ಇಂಗ್ಲಿಷ್ ಬಾರದಿದ್ದರೆ "ಕನ್ನಡ" ಎಂದಷ್ಟೇ ಹೇಳಿ, ದುಭಾಷಿಯನ್ನು ಜೋಡಿಸಲು ನೋಡುತ್ತಾರೆ. ಮನೆಯ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಫ್ರಿಜ್ ಮೇಲೆ ಅಂಟಿಸಿಡಿ.

ಇಂದು ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ. ನಿಮ್ಮ ಇನ್ಶೂರೆನ್ಸ್ ಕಾರ್ಡ್ ಎಲ್ಲಿದೆ, ಯಾವ ಕ್ಲಿನಿಕ್‌ಗೆ ಹೋಗಬಹುದು ಎಂದು ಮಕ್ಕಳಿಂದ ತಿಳಿದುಕೊಳ್ಳಿ. ಮತ್ತು "ನನಗೆ ಹುಷಾರಿಲ್ಲದಿದ್ದರೆ ಮೊದಲ ದಿನವೇ ಹೇಳುತ್ತೇನೆ" ಎಂದು ಅವರಿಗೆ ಮಾತು ಕೊಡಿ. ಮಾತ್ರೆಗಳ ಚೀಟಿ ತಂದಿದ್ದರೆ ಬಿಪಿ ಟೇಬಲ್ ಪಕ್ಕದಲ್ಲಿ ಕುಳಿತಿರುತ್ತೇನೆ, ತೋರಿಸಿ. ಒಟ್ಟಿಗೆ ನೋಡೋಣ.