ಹೆಸರಿಲ್ಲದ ಬೀಜಕ್ಕೆ ಊರು ಸಿಕ್ಕ ಕತೆ

1989ರ ಜುಲೈ. ಕೊಡಗಿನ ಹಾರಂಗಿ ಹೊಳೆಗೆ ಮಳೆಗಾಲದ ನೀರು ಬರುವ ಹೊತ್ತಿನಲ್ಲೇ, ಸಾವಿರಾರು ಮೈಲಿ ದೂರದ ಲಂಡನ್ನಿನಲ್ಲಿ ಬೇರೊಂದು ಒಡ್ಡು ಒಡೆಯಿತು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಎಂದು ಕಟ್ಟುಪಾಡು ಹಾಕಿ ಬೆಲೆಯನ್ನು ಎತ್ತಿಹಿಡಿದಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. ದೇಶದೇಶಗಳ ಗೋದಾಮುಗಳ ಬಾಗಿಲು ತೆರೆದುಕೊಂಡವು. ಕೆಲವೇ ತಿಂಗಳಲ್ಲಿ ಜಗತ್ತಿನ ಕಾಫಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು.

ಕೊಡಗಿನ ತೋಟಗಳಿಗೆ ಆ ಪೆಟ್ಟು ಒಮ್ಮೆಲೇ ತಾಗಲಿಲ್ಲ. ನಡುವೆ ಪೂಲ್ ಇತ್ತು. ಎರಡನೇ ಮಹಾಯುದ್ಧ ಯುರೋಪಿನ ಪೇಟೆಯನ್ನು ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು ಹುಟ್ಟಿದ ಏರ್ಪಾಡು ಅದು. ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸುತ್ತಿದ್ದ, ಮಂಡಳಿ ಮಾರುತ್ತಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಒಬ್ಬನ ಬೀಜ ಇನ್ನೊಬ್ಬನ ಬೀಜದೊಡನೆ ಬೆರೆತು, ಯಾವ ತೋಟದ್ದು, ಯಾವ ಬೆಟ್ಟದ್ದು ಎಂಬ ಗುರುತು ಅಳಿಸಿಹೋಗುತ್ತಿತ್ತು. ಕೊಳ್ಳುವವರಲ್ಲಿ ಎಲ್ಲರಿಗಿಂತ ದೊಡ್ಡವರು ಸೋವಿಯತ್ ಒಕ್ಕೂಟದವರು. 1991ರಲ್ಲಿ ಆ ಒಕ್ಕೂಟವೇ ಇಲ್ಲವಾಯಿತು.

ಪೂಲ್‌ನ ಬಿಗಿ 1992ರಿಂದ ಹಂತಹಂತವಾಗಿ ಸಡಿಲಾಯಿತು. ಮೊದಲು ಬೆಳೆಯ ಒಂದು ಪಾಲು, ಆಮೇಲೆ ಅರ್ಧ, 1996ರ ಹೊತ್ತಿಗೆ ಪೂರ್ತಿ ಬೆಳೆ ಬೆಳೆಗಾರರ ಕೈಗೆ ಬಂತು. ಬಹುಕಾಲ ಬೇಡಿದ ಸ್ವಾತಂತ್ರ್ಯ ಸಿಕ್ಕಿತ್ತು. ಆದರೆ ಅರ್ಧ ಶತಮಾನ ಬೆಳೆಯುವುದನ್ನಷ್ಟೇ ಕಲಿತವರಿಗೆ ಮಾರುವ ವಿದ್ಯೆ ತಿಳಿದಿರಲಿಲ್ಲ. ಸಣ್ಣ ಬೆಳೆಗಾರನ ಪಾಡು ಹೇಗೋ, 1943ರಿಂದ ಕೊಡಗಿನ ದೊಡ್ಡ ತೋಟಗಳನ್ನು ನಡೆಸುತ್ತಿದ್ದ ಪಾಲಿಬೆಟ್ಟದ ಕನ್ಸಾಲಿಡೇಟೆಡ್ ಕಾಫಿ ಕಂಪನಿಯ ಪಾಡೂ ಹಾಗೆಯೇ. ಯಾರಿಗೆ ಮಾರಬೇಕು? ಏನೆಂದು ಹೇಳಿ ಮಾರಬೇಕು?

ಉತ್ತರ ಹುಡುಕುವ ಮುನ್ನವೇ ಅದೃಷ್ಟ ಬಾಗಿಲು ತಟ್ಟಿತು. 1994ರ ಜೂನ್ ಮತ್ತು ಜುಲೈನಲ್ಲಿ ಬ್ರೆಜಿಲ್ಲಿನ ತೋಟಗಳ ಮೇಲೆ ಎರಡು ಬಾರಿ ಹಿಮ ಕವಿಯಿತು. ಗಿಡಗಳು ಸುಟ್ಟುಹೋದವು, ಬೆಲೆ ಗಗನಕ್ಕೇರಿತು. ಕೊಡಗಿನಲ್ಲಿ ಸಾಲ ತೀರಿತು, ಹೊಸ ಮನೆಗಳೆದ್ದವು, ಕಾಫಿಯ ಹೊಸ ಗಿಡಗಳು ನೆಲ ಕಂಡವು. ಹೆಚ್ಚು ಬೆಳೆದರೆ ಸಾಕು, ಮಿಕ್ಕದ್ದನ್ನು ಪೇಟೆ ನೋಡಿಕೊಳ್ಳುತ್ತದೆ ಎಂಬ ಪಾಠವನ್ನು ಎಲ್ಲರೂ ಕಲಿತರು. ಅದು ತಪ್ಪು ಪಾಠವಾಗಿತ್ತು.

ಅದೇ ಪಾಠವನ್ನು ವಿಯೆಟ್ನಾಂ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಲಿತಿತ್ತು. ಒಂದೇ ದಶಕದಲ್ಲಿ ಅದು ಬ್ರೆಜಿಲ್ಲಿನ ನಂತರದ ಸ್ಥಾನಕ್ಕೆ ಏರಿ ಅಗ್ಗದ ರೊಬಸ್ಟಾ ಜಾತಿಯ ಕಾಫಿಯನ್ನು ಜಗತ್ತಿಗೆ ಸುರಿಯಿತು. 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ ಐವತ್ತು ಸೆಂಟಿಗಿಂತ ಕೆಳಗಿಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ಕಾಲ ಬಂತು. ನೆರಳಿನ ಮರಗಳ ಕೆಳಗೆ, ಕೈಯಿಂದ ಕೊಯ್ದು ಬೆಳೆಯುವ ಕೊಡಗಿಗೆ ಅಗ್ಗದ ಓಟದಲ್ಲಿ ಗೆಲ್ಲುವ ದಾರಿಯೇ ಇರಲಿಲ್ಲ.

ದಾರಿ ಇದ್ದದ್ದು ಬೆಂಗಳೂರಿನಲ್ಲಿ, ಕಾಫಿ ಮಂಡಳಿಯ ರುಚಿ ಪರೀಕ್ಷೆಯ ಮೇಜಿನ ಮೇಲೆ. 1970ರ ದಶಕದ ಆರಂಭದಲ್ಲಿ ಆ ಮೇಜಿಗೆ ಬಂದ ಸುನಾಲಿನಿ ಮೆನನ್ ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎಂದು ಹೆಸರಾದರು. ಚಮಚದಲ್ಲಿ ಎತ್ತಿ ಸರ್ರೆಂದು ಹೀರುವುದು, ನಾಲಿಗೆಯ ಮೇಲೆ ಹರಡುವುದು, ಉಗಿದು ಬರೆದುಕೊಳ್ಳುವುದು. ಇಡೀ ಜಗತ್ತು ಕಾಫಿಯನ್ನು ಮೂಟೆಯಲ್ಲಿ ಎಣಿಸುತ್ತಿದ್ದಾಗ ಆ ಮೇಜಿನಲ್ಲಿ ಬಟ್ಟಲಿನ ಲೆಕ್ಕ ನಡೆಯುತ್ತಿತ್ತು. ಅಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತಿತ್ತು. ಎಲ್ಲರೂ ಕೀಳೆಂದು ದೂರವಿಟ್ಟ ರೊಬಸ್ಟಾವನ್ನು ಅರೇಬಿಕಾದಂತೆ ಸಿಪ್ಪೆ ತೆಗೆದು, ತೊಳೆದು ಸಂಸ್ಕರಿಸಿದರೆ ಅದರ ಒರಟು ವಾಸನೆ ಮಾಯವಾಗುತ್ತಿತ್ತು.

ಹೇಳುವುದು ಸುಲಭ, ಮಾಡುವುದು ಕಷ್ಟವಾಗಿತ್ತು. ರೊಬಸ್ಟಾ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರ್ರಿಯಾಗಿ ಮಾರುವುದೇ ಹೆಚ್ಚಿನ ತೋಟಗಳ ರೂಢಿ. ತೊಳೆದು ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಮಾಡಬೇಕೆಂದರೆ ಹಸಿ ಕಾಯಿ ಬೆರೆಯದಂತೆ ಕೆಂಪು ಹಣ್ಣನ್ನೇ ಆರಿಸಿ ಕೊಯ್ಯಬೇಕು. ಕೊಯ್ದ ದಿನವೇ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರಕ್ಕೆ ಹಾಕಬೇಕು. ರೊಬಸ್ಟಾದ ಲೋಳೆ ಅರೇಬಿಕಾದ ಲೋಳೆಗಿಂತ ಹಟಮಾರಿ, ಬೇಗ ಬಿಡುವುದಿಲ್ಲ. ಅದನ್ನು ಬಿಡಿಸಲು ಹುಳಿ ಬರಿಸುವ ಹೊತ್ತು ಮೀರಿದರೆ ಬೀಜ ನಾರುತ್ತಿತ್ತು. ಮಣ್ಣಿನ ಕಣದಲ್ಲಿ ಹರಡಿದರೆ ಬಟ್ಟಲಿನಲ್ಲಿ ಮಣ್ಣಿನ ವಾಸನೆ ಬರುತ್ತಿತ್ತು. ಒಂದು ಹಂತದಲ್ಲಿ ಎಡವಿದರೂ ದುಬಾರಿ ಶ್ರಮವೆಲ್ಲ ಚೆರ್ರಿಯ ದರಕ್ಕೆ ಜಾರುತ್ತಿತ್ತು. ಆದರೂ ಕೆಲವರು ಬಿಡಲಿಲ್ಲ. ಆಯ್ದ ಪಾರ್ಚ್‌ಮೆಂಟ್ ರೊಬಸ್ಟಾ ‘ಕಾಪಿ ರಾಯಲ್’ ಎಂಬ ಹೆಸರು ಹೊತ್ತು ವಿಶೇಷ ಕಾಫಿಯಾಗಿ ಹೊರಟಿತು. ಎಸ್ಪ್ರೆಸೊ ಮಿಶ್ರಣಕ್ಕೆ ಒಳ್ಳೆಯ ರೊಬಸ್ಟಾ ಹುಡುಕುತ್ತಿದ್ದ ಇಟಲಿಯ ಹುರಿಯುವವರು ಅದನ್ನು ಗುರುತಿಸಿದರು. ಮುಂದೆ ಭಾರತದ ಕಾಫಿಗೆ ಇಟಲಿಯೇ ಅತಿದೊಡ್ಡ ಗಿರಾಕಿಯಾಯಿತು.

ಅತ್ತ ಪಾಲಿಬೆಟ್ಟದ ಕಂಪನಿಯೂ ತನ್ನ ದಾರಿ ತಡಕಾಡುತ್ತಿತ್ತು. 1990ರ ದಶಕದ ಆರಂಭದಲ್ಲಿ ಟಾಟಾ ಟೀ ಕೈಗೆ ಬಂದ ಅದು 2000ದಲ್ಲಿ ಟಾಟಾ ಕಾಫಿಯಾಯಿತು. ಬರಿಯ ಬೀಜ ಮಾರುವವರಿಗೆ ಪೇಟೆಯ ಏರಿಳಿತದಿಂದ ಬಿಡುಗಡೆಯಿಲ್ಲ ಎಂಬುದು ಅದಕ್ಕೆ ಮನವರಿಕೆಯಾಗಿತ್ತು. 2006ರಲ್ಲಿ ಅಮೆರಿಕದ ಹಳೆಯ ಬ್ರಾಂಡ್ ‘ಎಯ್ಟ್ ಓ ಕ್ಲಾಕ್’ ಅನ್ನು 22 ಕೋಟಿ ಡಾಲರಿಗೆ ಕೊಂಡಿತು. ಬೀಜ ಬೆಳೆಯುವವರು ಈಗ ಪರದೇಶದ ಅಂಗಡಿ ಕಪಾಟಿನವರೆಗೆ ತಲುಪಿದ್ದರು.

ಮುಂದಿನ ತಿರುವಿಗೆ ಒಂದು ಸೋಲು ಹಿನ್ನೆಲೆಯಾಯಿತು. ಭಾರತಕ್ಕೆ ಬರಲು ಅರ್ಜಿ ಹಾಕಿದ್ದ ಅಮೆರಿಕದ ಕಾಫಿ ಮಳಿಗೆ ಕಂಪನಿ ಸ್ಟಾರ್‌ಬಕ್ಸ್ 2007ರಲ್ಲಿ ಅದನ್ನು ಹಿಂತೆಗೆದುಕೊಂಡಿತ್ತು. ಎರಡನೇ ಸಲ ಅದು ಬೀಜ ಬೆಳೆಯುವವರ ಜೊತೆಗೇ ಮಾತಿಗೆ ಕೂತಿತು. 2011ರ ಜನವರಿಯಲ್ಲಿ ಟಾಟಾ ಕಾಫಿಯೊಡನೆ ಒಪ್ಪಂದವಾಯಿತು, 2012ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಮೊದಲ ಮಳಿಗೆ ತೆರೆಯಿತು. ಈ ಮಳಿಗೆಗಳಿಗಾಗಿ ಬೀಜ ಹುರಿದು ಪೊಟ್ಟಣ ಕಟ್ಟುವ ಘಟಕ 2013ರಲ್ಲಿ ಆರಂಭವಾದದ್ದು ಕೊಡಗಿನಲ್ಲೇ, ಹಾರಂಗಿ ಹೊಳೆ ಕಾವೇರಿಯನ್ನು ಸೇರುವ ಕುಶಾಲನಗರ, ಕೂಡಿಗೆಯ ಸೀಮೆಯಲ್ಲಿ. ಮಡಿಕೇರಿಗಿಂತ ಮಳೆ ಕಡಿಮೆಯಿರುವ ಈ ಬಿಸಿಲ ಅಂಚಿನಲ್ಲಿ ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕ್ಯೂರಿಂಗ್ ಕೆಲಸ ಮೊದಲೇ ಬೇರೂರಿತ್ತು. 2016ರಲ್ಲಿ ಕೊಡಗಿನ ನುಲ್ಲೂರು ಎಸ್ಟೇಟಿನ ಅರೇಬಿಕಾ ತೋಟದ ಹೆಸರಿನಲ್ಲೇ ಸ್ಟಾರ್‌ಬಕ್ಸ್‌ನ ತವರು ಸಿಯಾಟಲ್‌ಗೆ ಹೋಯಿತು. ಪೂಲ್‌ನಲ್ಲಿ ಅಳಿಸಿಹೋಗಿದ್ದ ಗುರುತು ಪೊಟ್ಟಣದ ಮೇಲೆ ಅಚ್ಚಾಗಿ ಮರಳಿತು.

ಇಷ್ಟೆಲ್ಲ ವರ್ಷ ತಡಕಿದ ಉತ್ತರ ಕೊನೆಗೆ ಚಿಕ್ಕದಾಗಿತ್ತು. ರೊಬಸ್ಟಾದಲ್ಲಿ ಎಣ್ಣೆಯಂಶ ಅರೇಬಿಕಾಕ್ಕಿಂತ ಕಡಿಮೆ. ನೊರೆಯನ್ನು ಒಡೆಯುವುದು ಎಣ್ಣೆ. ಹಾಗಾಗಿ ಎಸ್ಪ್ರೆಸೊ ಮೇಲಿನ ನೊರೆ ರೊಬಸ್ಟಾ ಬೆರೆತಾಗ ದಪ್ಪವಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ. ತೊಳೆದು ಒಣಗಿಸಿದ ಬೀಜ ಆ ನೊರೆಯನ್ನು ಒರಟು ರುಚಿಯಿಲ್ಲದೆ ಕೊಡುತ್ತದೆ. ಕೊಡಗಿನ ಬೀಜಕ್ಕೆ ವಿಯೆಟ್ನಾಮಿನ ಅಗ್ಗದ ಬೀಜ ಬದಲಿಯಾಗಲಾರದ ಜಾಗ ಸಿಕ್ಕಿದ್ದು ಅಲ್ಲಿ. ಪೇಟೆಯ ನಿಯಮವೂ ಅಷ್ಟೇ ಸರಳ. ಗುರುತಿಲ್ಲದ ಸರಕಿಗೆ ಜಗತ್ತಿನಲ್ಲಿ ಅತಿ ಅಗ್ಗವಾಗಿ ಬೆಳೆಯುವವನು ಬೆಲೆ ಕಟ್ಟುತ್ತಾನೆ. ಇಂಥದ್ದೇ ಬೇಕು ಎಂದು ಹೆಸರು ಹಿಡಿದು ಕೇಳುವ ಗಿರಾಕಿ ಸಿಕ್ಕರೆ, ಪೇಟೆ ಏರಿದರೂ ಇಳಿದರೂ ಅದರ ಮೇಲೊಂದು ಹೆಚ್ಚಿನ ದರವನ್ನು ಬೆಳೆದವನು ಕೇಳಬಲ್ಲ.