ಅಟ್ಟದ ಮೇಲಿನ ಪಿಸ್ತೂಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಟ್ಟವೆಂದರೆ ಬರಿಯ ಅಟ್ಟವಲ್ಲ. ಕಾಯಿಗಳು ತಿಂಗಳುಗಟ್ಟಲೆ ಮಲಗಿ ಉಂಡೆ ಕೊಬ್ಬರಿಯಾಗುವ ಭಂಡಾರ. ಸಂಪಿಗೆಯಂತಹ ಊರಿನ ಹಳೆಯ ಮನೆಯಲ್ಲಿ, ಆ ಕಾಯಿಗಳ ಹಿಂದಿನಿಂದ ಮುತ್ತಾತನ ಕಾಲದ ಚಕಮಕಿ ಪಿಸ್ತೂಲೊಂದು ಹೊರಬಿತ್ತೆನ್ನಿ. ಹುಡುಗರು ಮೊದಲು ಟ್ರಿಗರ್ ಎಳೆದು ನೋಡುತ್ತಾರೆ; ಬಳಿಕ "ಅಬ್ಬಾ, ಎಷ್ಟು ಬಿಗಿ!" ಎನ್ನುತ್ತಾರೆ, ಕೊನೆಗೆ ಎಣ್ಣೆಯ ಗಿಂಡಿ ತರುತ್ತಾರೆ. ಮೊದಲನೆಯದೇ ಅಪಾಯದ ಕೆಲಸ. ಹಳೆಯ ನಳಿಗೆಯಲ್ಲಿ ಮದ್ದುಗುಂಡು ಹಾಗೆಯೇ ಉಳಿದಿರುವುದುಂಟು. ಒಣಗಿದ ಕಪ್ಪು ಮದ್ದು ನೂರು ವರ್ಷ ಕಳೆದರೂ ಸಾಯುವುದಿಲ್ಲ.

ಎಣ್ಣೆಯ ವಿಚಾರವೂ ಅಷ್ಟು ಸರಳವಲ್ಲ. ನಮ್ಮ ಕೊಬ್ಬರಿ ಎಣ್ಣೆ ಅಡುಗೆಗೂ ತಲೆಗೂ ಶ್ರೇಷ್ಠವಾದರೂ, ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಮಟಿದಾಗ ಹುಟ್ಟುವ ಆಮ್ಲ ಲೋಹಕ್ಕೆ ಹಿತವಲ್ಲ. ಅಗಸೆ ಎಣ್ಣೆಯಂತೂ ಒಣಗಿ ಅಂಟಾಗುತ್ತದೆ. ಎಂದೋ ಯಾರೋ ಹಾಕಿದ ಎಣ್ಣೆಯ ಜಿಡ್ಡು, ತುಕ್ಕು, ಧೂಳು, ಬಹಳ ಸಲ ಬಿಗಿಗೆ ಇಷ್ಟೇ ಕಾರಣ.

ಒಳಗಿನ ಯಂತ್ರ ಬಲು ಚಿಕ್ಕದು. ಕುದುರೆಯ ಬುಡಕ್ಕೆ ಅಂಟಿದ ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚುಗಳಿವೆ. ಕುದುರೆಯನ್ನು ಅರ್ಧ ಎತ್ತಿದಾಗ ಕೊಕ್ಕೆಯೊಂದು ಆಳವಾದ ಕಚ್ಚಿನಲ್ಲಿ ಭದ್ರವಾಗಿ ಕೂರುತ್ತದೆ. ಪೂರ್ತಿ ಎತ್ತಿದಾಗ ಆಳವಿಲ್ಲದ ಕಚ್ಚಿಗೆ ಬರುತ್ತದೆ. ದೊಡ್ಡ ಸ್ಪ್ರಿಂಗಿನ ಒತ್ತಡವಿರುವಾಗಲೇ ಈ ಕೊಕ್ಕೆಯನ್ನು ಜಾರಿಸುವುದು ಟ್ರಿಗರಿನ ಕೆಲಸ. ಕಚ್ಚು ಒರಟಾದರೆ ಬೆರಳಿಗೆ ಭಾರ. ಇಂದಿನ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಟ್ರಿಗರಿನ ಭಾರ 500 ಗ್ರಾಮಿಗಿಂತ ಕಡಿಮೆಯಿರಬಾರದು. ಅಂದರೆ ಹದವಾದ ಗಾತ್ರದ ಒಂದು ಸುಲಿದ ತೆಂಗಿನಕಾಯಿಯ ಭಾರ! ಪಿಸ್ತೂಲನ್ನು ನೆಟ್ಟಗೆ ಹಿಡಿದು ಟ್ರಿಗರಿಗೆ ತೂಕ ನೇತುಹಾಕಿಯೇ ಇದನ್ನು ಅಳೆಯುತ್ತಾರೆ.

ಊರ ಕಮ್ಮಾರನ ಅರ ಇಲ್ಲಿಗೆ ಸಲ್ಲದು. ಹಳೆಯ ಬಿಲ್ಲೆಗಳಲ್ಲಿ ಅನೇಕವು ಮೆದು ಕಬ್ಬಿಣದವು. ಗಟ್ಟಿಯಾಗಿರುವುದು ಮೇಲಿನ ತೆಳು ಪೊರೆ ಮಾತ್ರ. ಅದನ್ನು ಅರದಿಂದ ಉಜ್ಜಿ ತೆಗೆದರೆ ಟ್ರಿಗರ್ ಕೆಲದಿನ ಬೆಣ್ಣೆಯಂತೆ ಜಾರೀತು; ಅನಂತರ ಕಚ್ಚು ಸವೆದು, ಮುಟ್ಟದೆಯೇ ಕುದುರೆ ಬಿದ್ದೀತು. ಸ್ಪ್ರಿಂಗನ್ನು ಸಡಿಲಿಸಿದರೆ ಕಲ್ಲಿನಿಂದ ಕಿಡಿಯೇ ಹಾರದು. ಬಲ್ಲವರು ಬಿಚ್ಚಿ, ತೊಳೆದು, ಕೋನ ಕೆಡದಂತೆ ಕಚ್ಚಿನ ಮುಖವನ್ನು ನಯಗೊಳಿಸುತ್ತಾರೆ. ಅಷ್ಟೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಆಯುಧಗಳು ಇಂಗ್ಲೆಂಡಿಗೆ ಸಾಗಿದವು. ಹುಲಿಪಟ್ಟೆಯ ಅಂತಹ ಕೋವಿಗಳಿಗೆ ಇಂದು ಬೆಲೆ ಬಂದಿರುವುದು ಮೂಲದ ಕೆಲಸ ಉಳಿದಿರುವುದರಿಂದ, ಟ್ರಿಗರ್ ಹಗುರವಾಗಿರುವುದರಿಂದಲ್ಲ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮು ಪುರಾತನ ಆಯುಧಕ್ಕೆ ವಿನಾಯಿತಿ ಕೊಡುತ್ತದೆ; ಆದರೆ ರಿಪೇರಿ ಮಾಡಿದರೂ ಹಾರಿಸಲಾಗದಂಥದಕ್ಕೆ ಮಾತ್ರ. ಟ್ರಿಗರ್ ಬಿಗಿಯೆಂಬ ಕಾರಣಕ್ಕೆ ಯಾವ ಪಿಸ್ತೂಲೂ ಆ ಸಾಲಿಗೆ ಸೇರದು. ಕಸುಬಾಗಿ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ಆದುದರಿಂದ ಅಟ್ಟದಿಂದಿಳಿದ ಪಿಸ್ತೂಲು ಕಮ್ಮಾರನ ಕುಲುಮೆಗೆ ಹೋಗುವ ಮೊದಲು ಅದರ ಸುದ್ದಿ ಪೊಲೀಸ್ ಠಾಣೆಗೆ ಹೋಗಬೇಕು.