ಸೋದರಮಾವನ ಹಕ್ಕು, ಅಕ್ಕನ ಪಾಲು

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ತಮ್ಮ ಕಥೆಗಳಲ್ಲಿ ‘ಓ’ ಎಂಬ ಗ್ರಹವೊಂದನ್ನು ಕಲ್ಪಿಸಿದ್ದಾರೆ. ಅಲ್ಲಿನ ಜನ ಹುಟ್ಟಿನಿಂದಲೇ ‘ಬೆಳಗು’ ಅಥವಾ ‘ಸಂಜೆ’ ಎಂಬ ಪಂಗಡಕ್ಕೆ ಸೇರಿದವರು. ಮದುವೆಯೆಂದರೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಕೂಡಿದ ನಾಲ್ವರ ಬಾಳುವೆ. ಸ್ವಂತ ಪಂಗಡದವರೊಡನೆ ಸಂಬಂಧ ಮಾತ್ರ ಘೋರ ಅಪರಾಧ. ನಾಲ್ವರ ಮದುವೆ ನಮಗೆ ವಿಚಿತ್ರವೆನಿಸುವುದು ಸಹಜ. ಆದರೆ ಪಂಗಡದ ನಿಯಮವನ್ನು ರಾಯಚೂರು ಸೀಮೆಯವರಿಗೆ ಯಾರೂ ವಿವರಿಸಬೇಕಿಲ್ಲ. ಒಂದೇ ಬೆಡಗಿನವರು ಅಣ್ಣ-ತಂಗಿಯರೆಂಬುದು ಇಲ್ಲಿ ಎಳೆಯರಿಗೂ ತಿಳಿದ ವಿಷಯ.

ಬೆಡಗು ಬೇರೆಯಾದರೆ ಅಕ್ಕನ ಮಗಳೂ ವಧುವಾಗಬಹುದು. ಕೃಷ್ಣಾ ತೀರದ ದೇವಸುಗೂರಿನಂಥ ಊರುಗಳಲ್ಲಿ ‘ಸ್ವಾದರಮಾವ’ ಇರುವಾಗ ಹೊರಗಿನ ವರನನ್ನೇಕೆ ಹುಡುಕಬೇಕೆಂಬ ಮಾತು ಹೊಸದಲ್ಲ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಕ್ಕನ ಮಗ ಹುಟ್ಟಿದಾಗಲೇ ಅಳಿಯ. ಹಿಂದಿಯಲ್ಲಿ ‘ಮಾಮಾ’ ಬೇರೆ, ‘ಸಸುರ್’ ಬೇರೆ. ದಕ್ಷಿಣೋತ್ತರಗಳ ಈ ಅಂತರವನ್ನು ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟವಾದ ತಮ್ಮ ಬಂಧುತ್ವ ಅಧ್ಯಯನದಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. 1985ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಶಾಖೋತ್ಪನ್ನ ಸ್ಥಾವರಕ್ಕೆ ಉತ್ತರ ಭಾರತದಿಂದ ಬಂದ ಕುಟುಂಬವೊಂದು ಇಂಥ ಮದುವೆಯ ಆಮಂತ್ರಣ ಕಂಡರೆ ಬೆಚ್ಚಿಬೀಳದಿರದು.

ಅಷ್ಟು ದೂರ ಹೋಗುವುದೂ ಬೇಡ. ನೆರೆಮನೆಯ ಮುಸ್ಲಿಂ ಕುಟುಂಬಕ್ಕೆ ಅಕ್ಕನ ಮಗಳು ಧರ್ಮದಿಂದಲೇ ನಿಷಿದ್ಧ. ಚಿಕ್ಕಪ್ಪನ ಮಗಳು ನಿಷಿದ್ಧಳಲ್ಲ. ಹಿಂದೂ ಮನೆಯಲ್ಲಿ ಚಿಕ್ಕಪ್ಪನ ಮಗಳು ಸಾಕ್ಷಾತ್ ತಂಗಿ. ಒಂದೇ ಓಣಿಯಲ್ಲಿ ಒಂದು ಮನೆಯ ಶುಭಕಾರ್ಯ ಇನ್ನೊಂದು ಮನೆಗೆ ಪಾಪ. ಆದರೂ ಇಬ್ಬರೂ ಪರಸ್ಪರರ ಮದುವೆಯ ಊಟ ಉಂಡು ಬರುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯೂ ಮಾವ-ಸೊಸೆಯರ ವಿವಾಹವನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿ, ರೂಢಿಯಿದ್ದರೆ ನಡೆಯಲಿ ಎಂದು ಬಾಗಿಲು ತೆರೆದಿಟ್ಟಿತು. ರಾಷ್ಟ್ರೀಯ ಕುಟುಂಬ ಆರೋಗ್ಯದ 2019-21ರ ಸಮೀಕ್ಷೆಯ ಪ್ರಕಾರ ರಕ್ತಸಂಬಂಧದಲ್ಲಿ ಮದುವೆಯಾದ ಮಹಿಳೆಯರು ದೇಶದಲ್ಲಿ ಶೇ 11, ಕರ್ನಾಟಕದಲ್ಲಿ ಶೇ 27.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ನೀತಿಯ ಪ್ರಶ್ನೆಗಿಂತ ಮೊದಲು ಭೂಮಿಯ ಪ್ರಶ್ನೆ. ಮಳೆಯನ್ನೇ ನಂಬಿದ ಎರೆಹೊಲದ ಸಂಸಾರಕ್ಕೆ ವರದಕ್ಷಿಣೆಯ ಭಾರ ತಗ್ಗಬೇಕು, ಕೊಟ್ಟ ಬಂಗಾರ ಪರರ ಪಾಲಾಗಬಾರದು, ಮುಪ್ಪಿನಲ್ಲಿ ಗಂಜಿ ಕಾಯಿಸುವವಳು ಮೊಮ್ಮಗಳೇ ಆಗಿರಬೇಕು. ಹುಡುಗಿಗೂ ಅತ್ತೆಯಾಗಿ ಅಜ್ಜಿಯೇ ದೊರೆಯುವುದು ಸಣ್ಣ ಸಮಾಧಾನವಲ್ಲ. ಇದೇ ಲೆಕ್ಕದ ಕ್ರೂರ ರೂಪ ಬಸವಿ ಪದ್ಧತಿ. ಗಂಡುಮಕ್ಕಳಿಲ್ಲದ ತಂದೆ ಮಗಳನ್ನು ದೇವರಿಗೆ ಬಿಡುತ್ತಿದ್ದ. ಆಕೆ ತವರಿನಲ್ಲೇ ಉಳಿದು ಮಗನಂತೆ ವಾರಸುದಾರಳಾಗುತ್ತಿದ್ದಳು. ಆದರೆ ಆ ‘ಮಗತನ’ದ ಬೆಲೆ ಆಕೆಯ ದೇಹವಾಗಿತ್ತು, ಅದನ್ನು ತೆತ್ತವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿಗೆ ಮುಂಬೈನ 1934ರ, ಮದರಾಸಿನ 1947ರ ದೇವದಾಸಿ ಕಾಯ್ದೆಗಳ ರಕ್ಷಣೆಯೂ ಇರಲಿಲ್ಲ. ಕರ್ನಾಟಕದ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ.

ಪದ್ಧತಿಯೊಂದನ್ನು ಅರ್ಥಮಾಡಿಕೊಳ್ಳುವುದೆಂದರೆ ಅದನ್ನು ಒಪ್ಪುವುದೆಂದಲ್ಲ. ಸೋದರಮಾವನೊಡನೆ ಮದುವೆಯಾದವರ ಮಕ್ಕಳಿಗೆ ಅನುವಂಶೀಯ ಕಾಯಿಲೆಗಳ ಅಪಾಯ ಹೆಚ್ಚೆಂಬುದು ವೈದ್ಯರು ಪದೇ ಪದೇ ಹೇಳಿರುವ ಮಾತು. ಅದಕ್ಕಿಂತ ಕಡಿಮೆ ಚರ್ಚೆಯಾದ ಇನ್ನೊಂದು ಸಂಗತಿಯಿದೆ. ಕರ್ನಾಟಕ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ, ಕೇಂದ್ರ 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಪಾಲು ನೀಡಿದವು. ತವರಿನ ಹೊಲದಲ್ಲಿ ಅಕ್ಕನಿಗೂ ಹಕ್ಕು ಬಂತು. ಆದರೆ ಮಗಳನ್ನು ತಮ್ಮನಿಗೇ ಕೊಟ್ಟ ಅಕ್ಕ ಪಾಲು ಕೇಳುವುದು ಯಾರನ್ನು? ದಾವೆ ಹೂಡಿದರೆ ಪ್ರತಿವಾದಿಯ ಸ್ಥಾನದಲ್ಲಿ ನಿಲ್ಲುವವನು ಸ್ವಂತ ಅಳಿಯ. ಸೋತರೆ ಹೊಲ ಕಳೆದುಕೊಳ್ಳುವವಳು ಸ್ವಂತ ಮಗಳು. ಹಕ್ಕು ಬಿಡುಗಡೆ ಪತ್ರಕ್ಕೆ ಆಕೆ ಸದ್ದಿಲ್ಲದೆ ಹೆಬ್ಬೆಟ್ಟು ಒತ್ತುತ್ತಾಳೆ. ನೋಂದಣಿ ಕಚೇರಿಯ ದಾಖಲೆಯಲ್ಲಿ ಅದು ‘ಸ್ವಸಂತೋಷದಿಂದ’ ಎಂದೇ ಬರೆಯಲ್ಪಡುತ್ತದೆ.